ಆರು ನಳಿಕೆಯ ಗಾಡಿ: ನೇಬೆಲ್‌ವೆರ್ಫರ್ ಬಗ್ಗೆ ಮೂರು ಪ್ರಶ್ನೆ

ಪ್ಲಾಸ್ಟಿಕ್_ದಳ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ 1:35 ಅಳತೆಯ, ಅಂದರೆ ನಿಜದ್ದಕ್ಕಿಂತ 35 ಪಟ್ಟು ಚಿಕ್ಕದಾದ, ಒಂದು ಮಾದರಿ ಕಿಟ್ ಜೋಡಿಸುತ್ತಿದ್ದೇನೆ. ಎರಡನೇ ಮಹಾಯುದ್ಧದ ಜರ್ಮನ್ 15 ಸೆಂ.ಮೀ. ನೇಬೆಲ್‌ವೆರ್ಫರ್ 41. ಎರಡು ಚಕ್ರದ ಗಾಡಿಯ ಮೇಲೆ ಆರು ನಳಿಕೆ. ಊದುಗೊಳವೆಗಳನ್ನು ಕಟ್ಟು ಕಟ್ಟಿ ಇಟ್ಟ ಹಾಗೆ ಕಾಣುತ್ತದೆ. ನನ್ನ ಹೆಂಡತಿ ನೋಡಿ "ಇದೇನು, ಪೈಪ್ ಮಾರೋ ಗಾಡಿನಾ?" ಅಂದಳು.

ಮೂರು ಪ್ರಶ್ನೆ ಇವೆ.

ಒಂದು, ಹೆಸರು. ನೇಬೆಲ್ ಅಂದರೆ ಮಂಜು, ಹೊಗೆ. ವೆರ್ಫರ್ ಅಂದರೆ ಎಸೆಯುವುದು. ರಾಕೆಟ್ ಹಾರಿಸುವ ಯಂತ್ರಕ್ಕೆ ಹೊಗೆ ಎಸೆಯುವುದು ಅಂತ ಯಾಕೆ ಹೆಸರಿಟ್ಟರು?

ಎರಡು, ಡಬ್ಬದ ಮೇಲಿನ ಚಿತ್ರದಲ್ಲಿ ರಾಕೆಟ್ ಹಾರುತ್ತಿದೆ, ಇಬ್ಬರು ಸೈನಿಕರು ಗಾಡಿಗೆ ಒರಗಿಕೊಂಡು ನಿಂತಿದ್ದಾರೆ. ನನಗಂತೂ ನಂಬಿಕೆ ಬರುತ್ತಿಲ್ಲ.

ಮೂರು, ಕಿಟ್‌ನಲ್ಲಿ ರಾಕೆಟ್‌ನ ಬೆಂಕಿ ಬರುವ ತೂತುಗಳು ಬಾಲದಲ್ಲಿ ಇಲ್ಲ, ಮೈ ನಡುವೆ ಇವೆ. ಕಿಟ್ ಮಾಡಿದವರ ತಪ್ಪಾ?

ಹಳೇತೋಪು · ರಾತ್ರಿ 11:03

ಮೂರನೆಯದರಿಂದ ಶುರು ಮಾಡುತ್ತೇನೆ, ಅದೇ ಎಲ್ಲಕ್ಕಿಂತ ಮಜಾ ಇರುವುದು. ತಪ್ಪಲ್ಲ. ಆ ರಾಕೆಟ್ ಇದ್ದಿದ್ದೇ ಹಾಗೆ, ಹಿಂದು ಮುಂದಾಗಿ.

ನಾವೆಲ್ಲ ನೋಡಿರುವ ರಾಕೆಟ್‌ನಲ್ಲಿ ಸಿಡಿಮದ್ದು ಮೂತಿಯಲ್ಲಿ, ಮೋಟಾರ್ ಬಾಲದಲ್ಲಿ ಇರುತ್ತದೆ ಅಲ್ವಾ? ಇದರಲ್ಲಿ ಮೋಟಾರ್ ಮುಂದೆ, ಸಿಡಿಮದ್ದು ಹಿಂದೆ. ಮೂತಿಯಿಂದ ಮೂರನೇ ಎರಡು ಭಾಗ ಹಿಂದಕ್ಕೆ ಬಂದರೆ ಸುತ್ತಲೂ 26 ಸಣ್ಣ ತೂತುಗಳ ಉಂಗುರ. ಬೆಂಕಿ ಅಲ್ಲಿಂದ ಹೊರಬರುತ್ತಿತ್ತು. ತೂತುಗಳು ನೇರವಾಗಿಲ್ಲ, ಓರೆ. ಹಾಗಾಗಿ ರಾಕೆಟ್ ಮುಂದಕ್ಕೆ ಹೋಗುತ್ತಲೇ ಗಿರಗಿರ ತಿರುಗುತ್ತಿತ್ತು. ರೆಕ್ಕೆ ಬೇಕಿರಲಿಲ್ಲ.

ಸಿಡಿಮದ್ದು ಹಿಂದೆ ಯಾಕೆ? ಮೂತಿ ನೆಲಕ್ಕೆ ಬಡಿದಾಗ ಹಿಂದಿನ ಭಾಗ ಇನ್ನೂ ನೆಲದಿಂದ ಸ್ವಲ್ಪ ಮೇಲೆ ಇರುತ್ತದೆ. ಅಲ್ಲಿ ಸಿಡಿದರೆ ಚೂರುಗಳು ಮಣ್ಣಿನೊಳಗೆ ಹೂತುಹೋಗದೆ ಅಡ್ಡಡ್ಡ ಹಾರುತ್ತವೆ. ಯೋಚನೆ ಚೆನ್ನಾಗಿದೆ. ಮಾಡುವುದು ಮಾತ್ರ ತಲೆನೋವು. ಮುಂದೆ 21 ಸೆಂ.ಮೀ. ರಾಕೆಟ್ ಮಾಡುವಾಗ ಜರ್ಮನ್ನರೇ ಇದನ್ನು ಕೈಬಿಟ್ಟು, ಮಾಮೂಲಿ ತರಹ ಮೋಟಾರನ್ನು ಬಾಲಕ್ಕೆ ಹಾಕಿದರು.

ಇನ್ನು ಹೆಸರು. ಮೊದಲ ಮಹಾಯುದ್ಧ ಸೋತ ಮೇಲೆ 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ದೊಡ್ಡ ಫಿರಂಗಿಗಳಿಗೆ ಕಡಿವಾಣ ಹಾಕಿತು. ರಾಕೆಟ್ ಬಗ್ಗೆ ಒಂದು ಮಾತೂ ಅದರಲ್ಲಿ ಇರಲಿಲ್ಲ. ಬರೆದವರಿಗೆ ಹೊಳೆದೇ ಇರಲಿಲ್ಲ ಅನ್ನಿ. ಸೇನೆಯ ಶಸ್ತ್ರ ಇಲಾಖೆಯಲ್ಲಿ ಕಾರ್ಲ್ ಬೆಕರ್ ಈ ಕಿಂಡಿ ಹಿಡಿದ. ವಾಲ್ಟರ್ ಡೋರ್ನ್‌ಬರ್ಗರ್ ಎಂಬ ಫಿರಂಗಿ ಅಧಿಕಾರಿಯನ್ನು 1930ರಲ್ಲಿ ರಾಕೆಟ್ ಕೆಲಸಕ್ಕೆ ಹಾಕಿದರು. ಜಾಗ ಬರ್ಲಿನ್‌ನ ದಕ್ಷಿಣಕ್ಕಿರುವ ಕುಮ್ಮರ್ಸ್‌ಡೋರ್ಫ್. ಮುಂದೆ ವಿ-2 ಎಂಬ ದ್ರವ ಇಂಧನದ ದೊಡ್ಡ ರಾಕೆಟ್‌ನ ಯೋಜನೆ ನಡೆಸಿದ್ದೂ ಇದೇ ಡೋರ್ನ್‌ಬರ್ಗರ್. 1932ರಲ್ಲಿ ಅವನ ಕೈಕೆಳಗೆ ಕೆಲಸಕ್ಕೆ ಸೇರಿದ ಹುಡುಗ ವರ್ನರ್ ಫಾನ್ ಬ್ರೌನ್. ಒಂದು ಕಡೆ ದ್ರವ ಇಂಧನದ ದೊಡ್ಡ ಕನಸು, ಇನ್ನೊಂದು ಕಡೆ ಘನ ಇಂಧನದ ಈ ಸಣ್ಣ ರಾಕೆಟ್.

ಹೊರಗಿನವರಿಗೆ ಗೊತ್ತಾಗಬಾರದು ಅಂತ ಇದನ್ನು ಹೊಗೆ ಪಡೆಯ ಸಾಮಾನು ಎಂದು ಕರೆದರು. ಪೂರ್ತಿ ಸುಳ್ಳೂ ಅಲ್ಲ. ಯುದ್ಧಭೂಮಿಯಲ್ಲಿ ಹೊಗೆ ಪರದೆ ಹಾಕುವುದು, ಬೇಕಾದರೆ ವಿಷಾನಿಲ ಎಸೆಯುವುದು ಆ ಪಡೆಯ ಕೆಲಸವೇ ಆಗಿತ್ತು. ನೇಬೆಲ್‌ವೆರ್ಫರ್ 35 ಅಂತ ಮೊದಲು ಬಂದದ್ದು ರಾಕೆಟ್ಟೇ ಅಲ್ಲ, 10 ಸೆಂ.ಮೀ.ನ ಮಾರ್ಟರ್, ಅಂದರೆ ಗುಂಡನ್ನು ಎತ್ತರಕ್ಕೆ ಎಸೆಯುವ ಗಿಡ್ಡ ನಳಿಕೆ. ಹೆಸರು ಹಳೆಯದು ಉಳಿಯಿತು, ಒಳಗಿನ ಸಾಮಾನು ಬದಲಾಯಿತು. ವಿಷಾನಿಲವನ್ನು ಯುದ್ಧಭೂಮಿಯಲ್ಲಿ ಇದರಿಂದ ಎಸೆಯಲಿಲ್ಲ.

ಡಬ್ಬದ ಚಿತ್ರದ ವಿಷಯ ನಾಳೆ. ನಿದ್ದೆ ಬರುತ್ತಿದೆ.

ರಣಧೀರ_77 · ರಾತ್ರಿ 11:20

ಇದರಲ್ಲಿ ಹೊಸದೇನಿದೆ ಗುರು? ಎಲ್ಲಾ ನಮ್ಮ ಮೈಸೂರು ರಾಕೆಟ್‌ನ ಕಾಪಿ. ಹೈದರ್, ಟಿಪ್ಪು ಮಾಡಿದ್ದನ್ನೇ ಇವರು 150 ವರ್ಷ ಆದ ಮೇಲೆ ಮಾಡಿದರು.

ಫಿಸಿಕ್ಸ್_ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:15

ಈ ಮಾತು ಬರುತ್ತೆ ಅಂತ ಗೊತ್ತಿತ್ತು, ಕಾಫಿ ಕುಡಿದೇ ಬಂದಿದ್ದೇನೆ.

ಕಾಪಿ ಅಲ್ಲ. ಆದರೆ ನಂಟು ಇದೆ, ಅದನ್ನು ಸರಿಯಾಗಿ ಹೇಳಿದರೆ ಇನ್ನೂ ಚೆಂದ. ಮೈಸೂರಿನ ಹೊಸತನ ಕಬ್ಬಿಣದ ಕೊಳವೆ. ಕಾಗದ, ಬಿದಿರಿಗಿಂತ ಗಟ್ಟಿ, ಹಾಗಾಗಿ ಮದ್ದನ್ನು ಒತ್ತಿ ತುಂಬಬಹುದು, ದೂರ ಹೋಗುತ್ತದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿ ಸೈನ್ಯಕ್ಕೆ ಅದರ ಬಿಸಿ ತಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ಇಂಗ್ಲೆಂಡ್‌ಗೆ ಹೋದವು, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಸುರಿದರು.

ಇವೆರಡಕ್ಕೂ ನೇರ ಹೋಗಲು ಒಂದು ಕೋಲು ಬೇಕಿತ್ತು. ದೀಪಾವಳಿಯ ರಾಕೆಟ್ ಪಟಾಕಿ ನೆನಪಿಸಿಕೊಳ್ಳಿ. ಕಡ್ಡಿ ಮುರಿದ ರಾಕೆಟ್ ಪಕ್ಕದ ಮನೆ ತಾರಸಿಗೆ ಹೋಗುತ್ತದೆ. 1844ರಲ್ಲಿ ವಿಲಿಯಂ ಹೇಲ್ ಎಂಬ ಇಂಗ್ಲಿಷಿನವನು ಕೋಲನ್ನೇ ತೆಗೆದ. ಬೆಂಕಿ ಹೊರಬರುವ ದಾರಿಯನ್ನು ಓರೆ ಮಾಡಿದ. ರಾಕೆಟ್ ಬುಗುರಿಯಂತೆ ತಿರುಗಿತು. ತಿರುಗುವ ಬುಗುರಿ ಬೀಳಲ್ಲ ಅಲ್ವಾ, ಅದೇ ತತ್ವ. ನೇಬೆಲ್‌ವೆರ್ಫರ್‌ನಲ್ಲಿರುವುದು ಈ ಬುಗುರಿ. ಕೋಲಿನ ವಂಶ ಬೇರೆ, ಬುಗುರಿಯ ವಂಶ ಬೇರೆ.

ರಣಧೀರ_77 · ಬೆಳಿಗ್ಗೆ 8:40

ಸರಿ ಮೇಷ್ಟ್ರೇ, ಒಪ್ಪಿದೆ. ಅಜ್ಜ ಅಲ್ಲ, ಅಜ್ಜನ ತಮ್ಮ ಅನ್ನೋಣ.

ನಗರದ_ಕೋಟೆ · ಬೆಳಿಗ್ಗೆ 9:02

ವಿಷಯ ಬಂದಿದ್ದಕ್ಕೆ ಒಂದು ಮಾತು. 2018ರಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ, ಅವು ಟಿಪ್ಪು ಕಾಲದವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ನೋಡಿದ್ದೇನೆ. ತುಕ್ಕು ಹಿಡಿದ ಗಿಡ್ಡ ಕೊಳವೆಗಳು, ಕೈಯಲ್ಲಿ ಹಿಡಿಯುವಷ್ಟು ದಪ್ಪ. ಮುಂದಿನ ಸಲ ಆ ಕಡೆ ಹೋದರೆ ನೋಡಿ ಬನ್ನಿ. ಈಗ ಜರ್ಮನಿಗೆ ವಾಪಸ್ ಹೋಗೋಣ.

ಹಳೇತೋಪು · ಬೆಳಿಗ್ಗೆ 10:30

ಎರಡನೇ ಪ್ರಶ್ನೆ. ಆ ಡಬ್ಬದ ಚಿತ್ರ ಬರೆದವರು ಒಂದು ಸಲ ಗಾಡಿ ಹಿಂದೆ ನಿಂತು ನೋಡಬೇಕಿತ್ತು.

ನಡೆಯುತ್ತಿದ್ದದ್ದು ಹೀಗೆ. ಗಾಡಿಯ ಮೂತಿಯನ್ನು ಮುಂದಿನ ಒಂದು ಕಾಲಿನ ಮೇಲೆ ಕೂರಿಸಿ, ಹಿಂದಿನ ಎರಡು ಕಾಲುಗಳನ್ನು ಅಗಲಿಸಿ ನೆಲಕ್ಕೆ ಊರುತ್ತಾರೆ. ರಾಕೆಟ್‌ಗಳನ್ನು ನಳಿಕೆಯ ಹಿಂದಿನಿಂದ ಒಂದೊಂದಾಗಿ ತಳ್ಳುತ್ತಾರೆ. ಒಂದೊಂದೂ 30 ಕಿಲೋಗಿಂತ ಜಾಸ್ತಿ, ಅಂದರೆ ಒಂದು ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ. ಪ್ರತಿ ರಾಕೆಟ್‌ನ ಒಂದು ತೂತಿನೊಳಗೆ ವಿದ್ಯುತ್ತಿನಿಂದ ಹೊತ್ತಿಕೊಳ್ಳುವ ಸಣ್ಣ ಕಡ್ಡಿ ಸಿಕ್ಕಿಸಿ ವೈರ್ ಜೋಡಿಸುತ್ತಾರೆ. ಆಮೇಲೆ ಎಲ್ಲರೂ ಓಟ. 10-15 ಮೀಟರ್ ದೂರದಲ್ಲಿ ಮೊದಲೇ ತೋಡಿಟ್ಟ ಗುಂಡಿಗೆ ಇಳಿದು, ಅಲ್ಲಿಂದ ಸ್ವಿಚ್ ಒತ್ತುತ್ತಾರೆ.

ಆರೂ ಒಟ್ಟಿಗೆ ಹೋಗಲ್ಲ. ಹೋದರೆ ಗಾಡಿ ಮಗುಚಿ ಬೀಳುತ್ತದೆ. ಎರಡೆರಡು ಸೆಕೆಂಡಿಗೆ ಒಂದು, ಅದೂ ಸಾಲಾಗಿ ಅಲ್ಲ, ಆ ಬದಿ ಈ ಬದಿ ಮಾಡುತ್ತಾ. ಸುಮಾರು 10 ಸೆಕೆಂಡಿಗೆ ಆರೂ ಖಾಲಿ. ಮತ್ತೆ ತುಂಬಲು ಒಂದೂವರೆ ನಿಮಿಷ. ದೂರ ಸುಮಾರು 6,900 ಮೀಟರ್.

ಗಾಡಿಯ ಬಗ್ಗೆಯೂ ಕೇಳಿ. ಅದು ಹೊಸದಲ್ಲ. 3.7 ಸೆಂ.ಮೀ. ಟ್ಯಾಂಕ್ ವಿರೋಧಿ ಫಿರಂಗಿಯ ಗಾಡಿಯನ್ನೇ ಸ್ವಲ್ಪ ತಿದ್ದಿದ್ದು. ಆ ಫಿರಂಗಿ ರಷ್ಯಾದ ಟಿ-34 ಟ್ಯಾಂಕ್ ಮುಂದೆ ಏನೂ ಮಾಡಲಾಗದೆ, ಜರ್ಮನ್ ಸೈನಿಕರೇ ಅದಕ್ಕೆ ಬಾಗಿಲು ತಟ್ಟುವ ಸಾಮಾನು ಅಂತ ಅಡ್ಡಹೆಸರು ಇಟ್ಟಿದ್ದರು. ಖಾಲಿ ನೇಬೆಲ್‌ವೆರ್ಫರ್ ತೂಕ ಅರ್ಧ ಟನ್ ಅಷ್ಟೆ. ಅರೆ-ಪಟ್ಟಿ ಗಾಡಿ, ಅಂದರೆ ಮುಂದೆ ಚಕ್ರ, ಹಿಂದೆ ಟ್ಯಾಂಕ್ ತರಹ ಪಟ್ಟಿ ಇರುವ ಲಾರಿ, ಅದನ್ನು ಎಳೆಯುತ್ತಿತ್ತು. ಹತ್ತಿರದ ದೂರಕ್ಕೆ ನಾಲ್ಕೈದು ಜನ ಕೈಯಲ್ಲೇ ತಳ್ಳಬಹುದು.

ಲೇತ್_ಮಾವ · ಬೆಳಿಗ್ಗೆ 11:48

ನನಗೆ ಯುದ್ಧ ಗೊತ್ತಿಲ್ಲ, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ಈ 26 ಓರೆ ತೂತು ಅಂದಿದ್ದು ಓದಿ ತಡೆಯೋಕಾಗಲಿಲ್ಲ.

ಮೊದಲು ನಳಿಕೆ. ಫಿರಂಗಿ ನಳಿಕೆ ಅಂದರೆ ದಪ್ಪ ಉಕ್ಕಿನ ತುಂಡು, ಉದ್ದಕ್ಕೂ ಕೊರೆಯಬೇಕು, ಒಳಗೆ ಸುರುಳಿ ಗೀರು ಹಾಕಬೇಕು. ಒಳಗೆ ಸಿಡಿಯುವ ಒತ್ತಡ ಪೂರ್ತಿ ಅದೇ ತಡೆಯಬೇಕು. ದೊಡ್ಡ ಮಷಿನ್, ಒಳ್ಳೆ ಉಕ್ಕು, ವಾರಗಟ್ಟಲೆ ಕೆಲಸ. ಇಲ್ಲಿ ನಳಿಕೆ ಬರೀ ದಾರಿ ತೋರಿಸುವ ಕೊಳವೆ. ಒತ್ತಡ ಇಲ್ಲ, ಹಿಮ್ಮೆಟ್ಟು ಇಲ್ಲ. ತೆಳು ಕೊಳವೆ ಸಾಕು. ಅದಕ್ಕೇ ಗಾಡಿ ಹಗುರ.

ಆದರೆ ಕಷ್ಟ ಎಲ್ಲೂ ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ. ಫಿರಂಗಿಯಲ್ಲಿ ಕಷ್ಟ ಒಂದೇ ನಳಿಕೆಯಲ್ಲಿ, ಇಲ್ಲಿ ಪ್ರತಿ ರಾಕೆಟ್‌ನಲ್ಲೂ. ಓರೆ ತೂತು ಕೊರೆದವರಿಗೆ ಗೊತ್ತು. ಡ್ರಿಲ್ ಬಿಟ್ ಓರೆ ಮೈ ಮೇಲೆ ನಿಲ್ಲಲ್ಲ, ಜಾರುತ್ತೆ. ಮೊದಲು ಎಂಡ್ ಮಿಲ್‌ನಲ್ಲಿ ಒಂಚೂರು ಸಮತಟ್ಟು ಮಾಡಿಕೊಂಡು ಆಮೇಲೆ ಇಳಿಸಬೇಕು. ಒಂದು ಸಲ 8 ಓರೆ ತೂತಿನ ಫ್ಲ್ಯಾಂಜ್ ಆರ್ಡರ್ ತಗೊಂಡಿದ್ದೆ. ಜಿಗ್, ಅಂದರೆ ತೂತಿನ ಜಾಗ, ಕೋನ ಹಿಡಿದಿಡುವ ಚೌಕಟ್ಟು, ಅರ್ಧ ಡಿಗ್ರಿ ತಪ್ಪಿತ್ತು, 40 ಪೀಸ್ ಪೂರ್ತಿ ವಾಪಸ್ ಬಂತು. ಇವರು 26 ತೂತು, ಲಕ್ಷಗಟ್ಟಲೆ ರಾಕೆಟ್. ಒಂದು ತೂತು ಕಟ್ಟಿಕೊಂಡರೂ ರಾಕೆಟ್ ಓಲಾಡುತ್ತೆ.

ಎಷ್ಟು ಮಾಡಿದ್ದರು, ಯಾರಾದರೂ ಹೇಳಿ?

ಹಳೇತೋಪು · ಮಧ್ಯಾಹ್ನ 12:20

ಮಾವ, ಈ 15 ಸೆಂ.ಮೀ. ರಾಕೆಟ್ ಒಂದೇ 50 ಲಕ್ಷಕ್ಕೂ ಹೆಚ್ಚು. ಗಾಡಿಗಳು 5,000ಕ್ಕೂ ಮೇಲೆ. ನಿಮ್ಮ 40 ಪೀಸ್ ನೆನೆಸಿಕೊಂಡು ಅವರ ಜಿಗ್‌ಗೆ ಒಂದು ನಮಸ್ಕಾರ ಹಾಕಿ.

ಮಂಜಿನಮನೆ · ಮಧ್ಯಾಹ್ನ 2:05

ಎಲ್ಲಾ ಸರಿ, ಆದರೆ ಇದೊಂದು ಸದ್ದಿನ ಆಟಿಕೆ ಅಂತ ನನ್ನ ಅಭಿಪ್ರಾಯ. ಜರ್ಮನ್ನರ 10.5 ಸೆಂ.ಮೀ. ಹೊವಿಟ್ಜರ್ ಫಿರಂಗಿ 10.6 ಕಿ.ಮೀ. ಹೊಡೆಯುತ್ತಿತ್ತು, ಗುರಿಯೂ ಚೆನ್ನಾಗಿತ್ತು. ಇದು 7 ಕಿ.ಮೀ. ಕೂಡ ಇಲ್ಲ, ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಎರಡೂವರೆ ಕಿಲೋ ಸಿಡಿಮದ್ದು ಎಸೆಯಲು 6 ಕಿಲೋಗೂ ಹೆಚ್ಚು ಇಂಧನ ಸುಡುತ್ತಿತ್ತು. ಅಷ್ಟರಲ್ಲಿ ಹೊವಿಟ್ಜರ್ ಎಷ್ಟು ಶೆಲ್ ಹಾರಿಸಬಹುದಿತ್ತು ಲೆಕ್ಕ ಹಾಕಿ. ಅದರ ಮೇಲೆ ಸ್ಟುಕಾ ವಿಮಾನದ ಹಾಗೆ ಹೆದರಿಸಲು ಸೈರನ್ ಬೇರೆ ಕಟ್ಟಿದ್ದರು.

ಫಿಸಿಕ್ಸ್_ಮೇಷ್ಟ್ರು · ಮಧ್ಯಾಹ್ನ 2:31

ಸೈರನ್ ಇರಲಿಲ್ಲ. ಸ್ಟುಕಾಗೆ ಇತ್ತು, ನಿಜ. ಇದರ ಕೂಗು ಮೋಟಾರಿನದ್ದೇ. ಆ 26 ಓರೆ ತೂತುಗಳಿಂದ ಅನಿಲ ಜೋರಾಗಿ ನುಗ್ಗುವಾಗ, ಮೈ ತಿರುಗುವಾಗ ಬರುವ ಸದ್ದು. ಬೇಕು ಅಂತ ಮಾಡಿದ್ದಲ್ಲ, ಬಂದದ್ದು ಉಪಯೋಗಕ್ಕೆ ಬಿತ್ತು. ರಾಕೆಟ್‌ನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಹೆಚ್ಚು ಕಡಿಮೆ ಶಬ್ದದ ವೇಗವೇ. ಮೋಟಾರ್ ಉರಿದು ಮುಗಿದ ಮೇಲೆ ವೇಗ ಇಳಿಯುತ್ತದೆ. ಹಾಗಾಗಿ ಕೂಗು ಮೊದಲು ಕಿವಿಗೆ ಬೀಳುತ್ತಿತ್ತು, ರಾಕೆಟ್ ಆಮೇಲೆ. ಫಿರಂಗಿಯ ವೇಗದ ಶೆಲ್ ಆದರೆ ಬಿದ್ದ ಮೇಲೆ ಗೊತ್ತಾಗುವುದು.

ಹಳೇತೋಪು · ಮಧ್ಯಾಹ್ನ 3:15

ಮಂಜಿನಮನೆ ಅವರೇ, ನಿಮ್ಮ ಅಂಕಿಗಳೆಲ್ಲ ಸರಿ. ಆದರೆ ಒಂದು ಗಾಡಿ, ಒಂದು ಹೊವಿಟ್ಜರ್ ಪಕ್ಕ ಪಕ್ಕ ಇಟ್ಟು ತೂಗಿದ್ದೀರಿ. ಅವರು ಹಾಗೆ ಬಳಸಲಿಲ್ಲ.

ಒಂದು ಬ್ಯಾಟರಿಗೆ, ಅಂದರೆ ಸೇನೆಯ ಒಂದು ತಂಡಕ್ಕೆ, ಆರು ಗಾಡಿ. ಮೂರು ಬ್ಯಾಟರಿ ಸೇರಿದರೆ 18. ಅಂಥ ಮೂರು ಗುಂಪಿನ ರೆಜಿಮೆಂಟ್ ಅಂದರೆ 54. ಒಂದು ಸಲ ಎಲ್ಲವೂ ಸಿಡಿದರೆ 324 ರಾಕೆಟ್, 10 ಸೆಕೆಂಡಿನಲ್ಲಿ. ಫಿರಂಗಿ ದಾಳಿಯಲ್ಲಿ ಮೊದಲ ಶೆಲ್ ಬಿದ್ದ ತಕ್ಷಣ ಸೈನಿಕರು ನೆಲಕ್ಕೆ ಮಲಗುತ್ತಾರೆ, ಕಂದಕಕ್ಕೆ ಹಾರುತ್ತಾರೆ. ಸಾವು ಜಾಸ್ತಿ ಆಗುವುದು ಆ ಮೊದಲ ಕ್ಷಣಗಳಲ್ಲಿ. ಆ ಕ್ಷಣದಲ್ಲೇ ಇಡೀ ಬುಟ್ಟಿ ಸುರಿಯುವುದು ಇದರ ಕೆಲಸ. ಒಂದು ಗೂಟಕ್ಕೆ ಗುರಿ ಇಡುವ ಸಾಮಾನಲ್ಲ, ಇಡೀ ಗದ್ದೆಗೆ ಬೀಜ ಎರಚಿದ ಹಾಗೆ.

1944ರಲ್ಲಿ ಫ್ರಾನ್ಸ್‌ನ ನಾರ್ಮಂಡಿಯಲ್ಲಿ, ಕಾನ್ ಪಟ್ಟಣದ ಸುತ್ತ ಬ್ರಿಟಿಷರು, ಕೆನಡಾದವರು ಇದರ ರುಚಿ ಚೆನ್ನಾಗಿ ಕಂಡರು. ಬ್ರಿಟಿಷರು ಇದಕ್ಕೆ ಮೋನಿಂಗ್ ಮಿನ್ನೀ ಅಂದರು, ನರಳುವ ಮಿನ್ನಿ. ಅಮೆರಿಕದವರಿಗೆ ಸ್ಕ್ರೀಮಿಂಗ್ ಮಿಮಿ. ಮಾರ್ಟರ್ ಮತ್ತು ಇವನ್ನು ಹುಡುಕಿ ಹೊಡೆಯಲು ಬ್ರಿಟಿಷರು ಪ್ರತ್ಯೇಕ ತಂಡಗಳನ್ನೇ ಕಟ್ಟಬೇಕಾಯಿತು. ಆಟಿಕೆಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲ್ಲ.

ಇದರ ನಿಜವಾದ ಕುಂದು ನೀವು ಹೇಳದೇ ಬಿಟ್ಟಿದ್ದು. ಹೊಗೆ! ರಾಕೆಟ್ ಹೊರಟ ದಾರಿಯಲ್ಲಿ ಆಕಾಶಕ್ಕೆ ಗೆರೆ ಎಳೆದ ಹಾಗೆ ಹೊಗೆ. ಹಿಂದೆ ಬೆಂಕಿ ನೆಲಕ್ಕೆ ಬಡಿದು ಧೂಳಿನ ಮೋಡ. ರಾತ್ರಿಯಾದರೆ ಸುತ್ತಲಿನ ಇಡೀ ಮರಗಳ ತೋಪು ಬೆಳಗುತ್ತಿತ್ತು. ಕಿಲೋಮೀಟರ್‌ಗಟ್ಟಲೆ ದೂರದಿಂದ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ಅದೇ ಜಾಗಕ್ಕೆ ಎದುರಿನ ಫಿರಂಗಿ ಶೆಲ್ ಬಂದು ಬೀಳುತ್ತಿತ್ತು. ಗುಟ್ಟು ಮುಚ್ಚಿಡಲು ಹೊಗೆ ಅಂತ ಹೆಸರಿಟ್ಟರು, ಆ ಹೊಗೆಯೇ ಜಾಗ ತೋರಿಸಿಕೊಟ್ಟಿತು. ಹೊಡೆದ ತಕ್ಷಣ ಗಾಡಿ ಕಟ್ಟಿಕೊಂಡು ಜಾಗ ಬಿಡಬೇಕು. ಎಳೆಯುವ ಗಾಡಿಗೆ ಅದು ಸುಲಭ ಅಲ್ಲ. ಅದಕ್ಕೇ ಆಮೇಲೆ ಮೌಲ್‌ಟಿಯರ್ ಎಂಬ ಅರೆ-ಪಟ್ಟಿ ಲಾರಿ ಮೇಲೆ ಹತ್ತು ನಳಿಕೆ ಕೂರಿಸಿ ಪಾಂಜರ್‌ವೆರ್ಫರ್ ಮಾಡಿದರು.

ಮಂಜಿನಮನೆ · ಮಧ್ಯಾಹ್ನ 3:40

ಆಟಿಕೆ ಅನ್ನೋ ಮಾತು ವಾಪಸ್ ತಗೋತೀನಿ. ಆದರೂ ಸೋವಿಯತ್ತರ ರಾಕೆಟ್ ಲಾಂಚರ್ ಕತ್ಯುಷಾ ಇದಕ್ಕಿಂತ ವಾಸಿ. ಮೊದಲಿಂದಲೇ ಲಾರಿ ಮೇಲೆ ಇತ್ತು.

ವೋಲ್ಗಾ_ಬಸ್ · ಸಂಜೆ 5:22

ಕತ್ಯುಷಾ ಬಂತಲ್ಲ, ನಾನೂ ಬಂದೆ.

ಕತ್ಯುಷಾ ಅಂದರೆ ಸೋವಿಯತ್ತರ ಬಿಎಂ-13. ಅದು ಮೊದಲು ಗುಡುಗಿದ್ದು 1941ರ ಜುಲೈ 14, ಓರ್ಷಾ ರೈಲು ನಿಲ್ದಾಣದ ಮೇಲೆ, ಕ್ಯಾಪ್ಟನ್ ಫ್ಲ್ಯೋರೊವ್ ತಂಡದಿಂದ. 16 ರಾಕೆಟ್, ದೂರ ಎಂಟೂವರೆ ಕಿ.ಮೀ. ಲಾರಿ ನಿಲ್ಲಿಸು, ಸುರಿ, ಓಡು. ಅದರ ರಾಕೆಟ್‌ಗೆ ರೆಕ್ಕೆ ಇತ್ತು, ತಿರುಗುತ್ತಿರಲಿಲ್ಲ. ಮಾಡಲು ಸುಲಭ, ಚೆದುರುವುದು ಜಾಸ್ತಿ. ಗುರಿಯಲ್ಲಿ ಜರ್ಮನ್ ಬುಗುರಿಯೇ ಮೇಲು. 1944ರಲ್ಲಿ ಸೋವಿಯತ್ತರೂ ಸ್ವಲ್ಪ ತಿರುಗುವ ಎಂ-13ಯುಕೆ ರಾಕೆಟ್ ತಂದರು. ಆ ಕಡೆ ಹಿಟ್ಲರ್‌ನ ಎಸ್‌ಎಸ್ ಪಡೆಯವರು ಸೋವಿಯತ್ತರ 82 ಮಿ.ಮೀ. ರೆಕ್ಕೆ ರಾಕೆಟ್ ನೋಡಿ 8 ಸೆಂ.ಮೀ.ನ ಕಾಪಿ ಮಾಡಿದರು. ಇವರದ್ದು ಅವರು, ಅವರದ್ದು ಇವರು. ಪರೀಕ್ಷೆ ಹಾಲ್‌ನಲ್ಲಿ ಪಕ್ಕಪಕ್ಕದ ಬೆಂಚಿನ ಹುಡುಗರ ಹಾಗೆ.

ರಷ್ಯನ್ ಸೈನಿಕರು ನೇಬೆಲ್‌ವೆರ್ಫರ್‌ಗೆ ಇಟ್ಟ ಹೆಸರು ವಾನ್ಯುಷಾ. ತಮ್ಮದು ಕತ್ಯುಷಾ ಹುಡುಗಿ, ಜರ್ಮನ್ನರದ್ದು ವಾನ್ಯುಷಾ ಹುಡುಗ. ಇಶಾಕ್ ಅಂತಲೂ ಅನ್ನುತ್ತಿದ್ದರು, ಅಂದರೆ ಕತ್ತೆ. ಅರಚುವ ಸದ್ದಿಗೆ.

ಹಳೇತೋಪು · ಸಂಜೆ 5:50

ಹೆಸರಿನ ವಿಷಯದಲ್ಲಿ ಪೋಲೆಂಡ್‌ನ ರಾಜಧಾನಿ ವಾರ್ಸಾದವರನ್ನು ಮರೆಯಬಾರದು. 1944ರ ಆಗಸ್ಟ್ 1ರಿಂದ ಅಕ್ಟೋಬರ್ 2ರವರೆಗೆ ನಗರದ ಜನ ಜರ್ಮನ್ನರ ವಿರುದ್ಧ ಎದ್ದಿದ್ದರು. ಅವರ ಮೇಲೆ ಇದೇ ಕುಟುಂಬದ ದೊಡ್ಡಣ್ಣನನ್ನು ಬಿಟ್ಟರು. 28 ಸೆಂ.ಮೀ.ನದ್ದರಲ್ಲಿ ಸುಮಾರು 50 ಕಿಲೋ ಸಿಡಿಮದ್ದು, 32 ಸೆಂ.ಮೀ.ನದ್ದರಲ್ಲಿ 50 ಲೀಟರ್ ಉರಿಯುವ ಎಣ್ಣೆ. ಎರಡು ಕಿ.ಮೀ. ಆಸುಪಾಸು ಅಷ್ಟೇ ಹೋಗುತ್ತಿದ್ದವು. ಬೀದಿ ಬೀದಿಯಲ್ಲಿ ಕಾದಾಟ ನಡೆಯುವಲ್ಲಿ ಅಷ್ಟು ಸಾಕಿತ್ತು. ಇವನ್ನು ಎಳೆಯುವ ಗಾಡಿಯಿಂದಲೂ ಹಾರಿಸಬಹುದು, ಸುಮ್ನೆ ನೆಲದ ಮೇಲೆ ಇಟ್ಟ ಚೌಕಟ್ಟಿನಿಂದಲೂ.

ಜನ ಅದಕ್ಕೆ ಕ್ರೋವಾ ಅಂದರು, ಹಸು. ಹಾರುವ ಮೊದಲು ಅಂಬಾ ಅಂದ ಹಾಗೆ ಸದ್ದು. ಇನ್ನೊಂದು ಹೆಸರು ಶಾಫಾ, ಅಂದರೆ ಬಟ್ಟೆ ಬೀರು. ಮಹಡಿ ಮೇಲೆ ಯಾರೋ ಮರದ ಬೀರುವನ್ನು ನೆಲಕ್ಕೆ ಉಜ್ಜುತ್ತಾ ಎಳೆದ ಸದ್ದು ಅದು. ಯುದ್ಧದ ಬಗ್ಗೆ ಎಷ್ಟೋ ಓದಿದ್ದೇನೆ, ಈ ಬೀರು ಮಾತ್ರ ತಲೆಯಿಂದ ಹೋಗಲ್ಲ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನ ಮನೆಯವರು ಮಂಚ ಸರಿಸಿದಾಗಲೆಲ್ಲ ನೆನಪಾಗುತ್ತದೆ.

ರೋಮಿನಲ್ಲಿ_ರಾಗಿ · ಸಂಜೆ 7:10

ಇಟಲಿಯಿಂದ ಒಂದು ಸಣ್ಣ ಸೇರ್ಪಡೆ. ನಮ್ಮ ಭಾರತೀಯ ಸೈನಿಕರಿಗೂ ಇದು ಹೊಸದಲ್ಲ. ಗುಡ್ಡದ ತುದಿಯಲ್ಲಿ ಮಠ ಇರುವ ಮಾಂಟೆ ಕಸಿನೋದ ಯುದ್ಧದಲ್ಲಿ ಜರ್ಮನ್ನರ ಹತ್ತಿರ ನೇಬೆಲ್‌ವೆರ್ಫರ್ ಇದ್ದವು. 1944ರ ಫೆಬ್ರವರಿ, ಮಾರ್ಚ್‌ನಲ್ಲಿ ಆ ಗುಡ್ಡ ಹತ್ತಲು ಹೋಗಿದ್ದು ನಾಲ್ಕನೇ ಭಾರತೀಯ ಡಿವಿಷನ್. ರಜಪೂತಾನಾ ರೈಫಲ್ಸ್, ಗೂರ್ಖಾಗಳು. ಒಂಬತ್ತನೇ ಗೂರ್ಖಾ ರೈಫಲ್ಸ್‌ನ ಒಂದು ಬೆಟಾಲಿಯನ್ ಮಠದ ಸ್ವಲ್ಪ ಕೆಳಗಿನ ಹ್ಯಾಂಗ್‌ಮನ್ಸ್ ಹಿಲ್ ಎಂಬ ದಿಬ್ಬದ ಮೇಲೆ ವಾರಕ್ಕೂ ಹೆಚ್ಚು ದಿನ ಸಿಕ್ಕಿಹಾಕಿಕೊಂಡಿತ್ತು. ನೀರು, ಊಟ ವಿಮಾನದಿಂದ ಎಸೆಯಬೇಕಿತ್ತು.

ಹೋದ ವರ್ಷ ಊರಿನಿಂದ ಅಪ್ಪ ಅಮ್ಮ ಬಂದಾಗ ಕಸಿನೋದ ಯುದ್ಧ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ತಲೆ ಎತ್ತಿದರೆ ಮಠ ನೇರ ಮೇಲೆ. ಕಲ್ಲಿನ ಮೇಲೆ ಭಾರತದ ಹೆಸರುಗಳನ್ನು ಅಪ್ಪ ಒಂದೊಂದೇ ಗಟ್ಟಿಯಾಗಿ ಓದಿದರು. ಇಷ್ಟು ಬಯಲಲ್ಲಿ ಎಲ್ಲಿ ಬಚ್ಚಿಟ್ಟುಕೊಳ್ಳಬೇಕಿತ್ತು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಮಾನಪ್ರಿಯ · ಸಂಜೆ 7:45

ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. 21 ಸೆಂ.ಮೀ. ರಾಕೆಟ್ ಆಕಾಶಕ್ಕೂ ಏರಿತು. ಐದು ನಳಿಕೆಯ ನೇಬೆಲ್‌ವೆರ್ಫರ್ 42ರ ರಾಕೆಟ್ ಅದು, ಒಂದೊಂದೂ 110 ಕಿಲೋ ಮೇಲೆ. 1943ರಲ್ಲಿ ಫೋಕ್-ವುಲ್ಫ್ 190ರಂಥ ವಿಮಾನಗಳ ರೆಕ್ಕೆ ಕೆಳಗೆ ಒಂದೊಂದು ನಳಿಕೆ ಕಟ್ಟಿ, ಅಮೆರಿಕದ ಬಾಂಬರ್ ಗುಂಪಿನೊಳಗೆ ಎಸೆದರು. ತಾಗುವುದು ಅಪರೂಪ. ಹೆದರಿ ಗುಂಪು ಒಡೆದರೆ ಸಾಕು, ಆಮೇಲೆ ಒಂದೊಂದನ್ನೇ ಬೆನ್ನಟ್ಟಬಹುದು ಅನ್ನೋದು ಲೆಕ್ಕ.

ಪ್ಲಾಸ್ಟಿಕ್_ದಳ · ರಾತ್ರಿ 9:30

ಮೂರು ಪ್ರಶ್ನೆ ಕೇಳಿ ಇಡೀ ಭಾನುವಾರ ಓದಿದೆ. ಎಲ್ಲರಿಗೂ ಥ್ಯಾಂಕ್ಸ್.

ಡಬ್ಬದ ಚಿತ್ರದ ಹಾಗೆ ಮಾಡಲ್ಲ. ಹೊಡೆದು ಮುಗಿದ ಮೇಲಿನ ನಿಮಿಷ ತೋರಿಸುತ್ತೇನೆ. ಆರು ನಳಿಕೆ ಖಾಲಿ. ಹಿಂದಿನ ನೆಲದ ಹುಲ್ಲು ಕರಿಯಾಗಿದೆ. ಒಬ್ಬ ಗುಂಡಿಯಿಂದ ಹತ್ತುತ್ತಿದ್ದಾನೆ, ಇಬ್ಬರು ಗಾಡಿಯ ಕಾಲು ಮಡಚುತ್ತಿದ್ದಾರೆ, ಡ್ರೈವರ್ ಕೂಗುತ್ತಿದ್ದಾನೆ. ಎಲ್ಲರ ತಲೆ ಆಕಾಶದ ಕಡೆ. ವೈರ್‌ಗೆ ಹಳೇ ಇಯರ್‌ಫೋನ್‌ನ ತಾಮ್ರದ ಎಳೆ ಸಾಕಲ್ವಾ?

ಬದಿಯಲ್ಲಿ ಹೊಡೆಯದೇ ಉಳಿದ ಎರಡು ರಾಕೆಟ್ ಇಡಬೇಕು ಅಂತ ಆಸೆ. ಲೇತ್ ಮಾವ, ಆ 26 ತೂತು ಕೊರೆಯಲು ಯಾವ ಬಿಟ್ ತಗೊಳ್ಳಲಿ?

ಹಳೇತೋಪು · ರಾತ್ರಿ 9:41

ತಾಮ್ರದ ಎಳೆ ಸಾಕು. ಆದರೆ ಗುಂಡಿಯನ್ನು ಗಾಡಿ ಪಕ್ಕದಲ್ಲೇ ತೋಡಬೇಡಿ. ನಿಮ್ಮ ಅಳತೆಯಲ್ಲಿ 10 ಮೀಟರ್ ಅಂದರೆ ಸುಮಾರು 29 ಸೆಂ.ಮೀ. ದೊಡ್ಡ ಹಲಗೆ ತಗೊಳ್ಳಿ.

ಲೇತ್_ಮಾವ · ರಾತ್ರಿ 10:05

15 ಸೆಂ.ಮೀ.ನ 35ರಿಂದ ಭಾಗಿಸಿದರೆ ರಾಕೆಟ್ ದಪ್ಪ 4.3 ಮಿ.ಮೀ. ಸುತ್ತಳತೆ ಹದಿಮೂರೂವರೆ. ಅದರಲ್ಲಿ 26 ತೂತು ಅಂದರೆ ಅರ್ಧ ಮಿ.ಮೀ.ಗೆ ಒಂದು, ಅದೂ ಓರೆ. ಅಷ್ಟು ಸಣ್ಣ ಬಿಟ್ ನನ್ನ ಹತ್ತಿರ ಇಲ್ಲ, ಇದ್ದರೂ ಕೊಡಲ್ಲ, ಮುರಿದು ಹಾಕ್ತೀರಿ. ಕಪ್ಪು ಪೆನ್ನಿನಲ್ಲಿ ಚುಕ್ಕಿ ಇಡಿ.